ಒಂಬತ್ತು ಪಾಯಿಂಟ್ ಎಂಟು

ಬಾಗಿಲ ಪಕ್ಕದ ಗಾಜಿನ ಚೌಕಟ್ಟಿನೊಳಗೆ ಅಂಟಿಸಿದ್ದ ಹಾಳೆಯನ್ನು ಅವನು ಮೂರನೆಯ ಸಲ ಓದಿದ. ಯಾರಾದರೂ ಕಂಡರೆ ವೇಳೆ ಖಚಿತಪಡಿಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳಲಿ ಎಂದು ಕೈಗಡಿಯಾರವನ್ನೂ ಒಮ್ಮೆ ನೋಡಿಕೊಂಡ. ಸಂಜೆ ಆರು ಗಂಟೆಗೆ. ಪಿಟೀಲು: ಹೆಂಡತಿಯ ಹೆಸರು. ಚಿತ್ರ: ಷಡ್ಡಕನ ಹೆಸರು. ಎರಡೂ ಒಂದೇ ಅಳತೆಯ ಅಕ್ಷರಗಳಲ್ಲಿದ್ದವು. ಕೆಳಗೆ, ಸಭಾಂಗಣದ ಫೋನ್ ನಂಬರಿಗಿಂತ ಒಂದು ಸಾಲು ಮೇಲೆ, ‘ನೆರವು’ ಎಂದು ಬರೆದು ಅವನ ಹೆಸರು ಹಾಕಿದ್ದರು. ಇವತ್ತು ಅವನು ಇದುವರೆಗೆ ಮಾಡಿದ್ದೆಂದರೆ ಹೆಂಡತಿಯ ಪಿಟೀಲು ಪೆಟ್ಟಿಗೆಯನ್ನು ಬಸ್ ನಿಲ್ದಾಣದಿಂದ ಇಲ್ಲಿಯವರೆಗೆ ಹೊತ್ತು ತಂದದ್ದು. ಹಾಗೆ ನೋಡಿದರೆ ಹಾಳೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದರೆ ಒಳಗೆ ಹೋಗಿ ತಿದ್ದಿಸಬಹುದಿತ್ತು.

ಒಂಬತ್ತು ವರ್ಷ ಅವಳ ಪಿಟೀಲಿಗೆ ಚಿತ್ರ ಬರೆದವನು ಅವನು. ಬರೆಯುವುದೆಂದರೆ ಕುಂಚದಿಂದಲ್ಲ. ಪಿಟೀಲಿಗೆ ಸಿಕ್ಕಿಸಿದ ಪುಟ್ಟ ಮೈಕಿನಿಂದ ಬಂದ ನಾದವನ್ನು ಕಂಪ್ಯೂಟರ್ ಆಗಿಂದಾಗಲೇ ಸೀಳಿ, ಮಂದ್ರ ಇಷ್ಟು, ತಾರ ಇಷ್ಟು ಎಂದು ಅಳೆದು, ಆ ಅಳತೆಯಿಂದ ಪರದೆಯ ಒಂದೊಂದು ಚುಕ್ಕೆಯ ಬಣ್ಣವನ್ನೂ ಸೆಕೆಂಡಿಗೆ ಅರುವತ್ತು ಸಲ ಹೊಸದಾಗಿ ಲೆಕ್ಕ ಹಾಕುವಂತೆ ಕೋಡ್ ಬರೆಯುವುದು. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ ಬಂದು ಸಂಜೆಗಳಲ್ಲಿ ಅವನು ಇದನ್ನೇ ಮಾಡಿದ್ದ. ಅವಳು ಕಮಾನು ಎಳೆದರೆ ಮಂಜು ಸರಿಯುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಒಂದು ದಿನವೂ ಕೈಕೊಟ್ಟದ್ದಿಲ್ಲ. ನಾಲ್ಕು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಅವನು ತಟ್ಟೆ ಒರೆಸುತ್ತಿದ್ದಾಗ, ಅವಳು ಎಡಗೈಯ ಉಗುರು ಕತ್ತರಿಸಿಕೊಳ್ಳುತ್ತ, ತಲೆಯೆತ್ತದೆ, “ಈ ಸಲ ಅವರ ಜೊತೆ ಮಾಡ್ಲಾ?” ಎಂದಿದ್ದಳು. ಉಗುರು ಕತ್ತರಿಸುವಾಗ ಅವಳು ಯಾವಾಗಲೂ ತಲೆಯೆತ್ತುವುದಿಲ್ಲ, ಪಿಟೀಲಿನವರಿಗೆ ಅದು ಕೂದಲೆಳೆಯ ಲೆಕ್ಕ. ಆದರೂ ಆ ಪ್ರಶ್ನೆ ಕೇಳಲು ಆ ಕೆಲಸವನ್ನೇ ಆರಿಸಿಕೊಂಡಳಲ್ಲ ಎಂದು ಅವನಿಗೆ ಅನಿಸಿತ್ತು. “ಮಾಡು. ನಂಗೇನು?” ಎಂದು, ಆಗಲೇ ಒಣಗಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದ್ದ.

ಹೊಟ್ಟೆಕಿಚ್ಚು ಎಂಬ ಮಾತು ಅವನ ಮಟ್ಟಿಗೆ ಸರಿಯಲ್ಲ. ಅವನಿಗೆ ಅದು ಹೊಟ್ಟೆಯಲ್ಲಿ ಬರುತ್ತಿರಲಿಲ್ಲ. ಕಿವಿಯ ಹಿಂದೆ, ಕನ್ನಡಕದ ಕಾಲು ಊರುವ ಜಾಗದಲ್ಲಿ ಬೆಚ್ಚಗೆ ಶುರುವಾಗಿ ಕತ್ತಿಗಿಳಿಯುತ್ತಿತ್ತು. ಈಗಲೂ ಅದೇ ಜಾಗವನ್ನು ಉಜ್ಜಿಕೊಳ್ಳುತ್ತ ಅವನು ಒಳಗೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತ.

“ಭಾವ, ಪರೀಕ್ಷೆ ಹಾಲಲ್ಲಿ ಕಾವಲಿಗೆ ನಿಂತೋರ ಥರ ಯಾಕೆ ನಿಂತಿದ್ದೀರಿ?” ಕುರ್ಚಿಗಳ ಸಾಲಿನಲ್ಲಿ ಕಾಲು ಚಾಚಿ ಕೂತು ಬ್ರೆಡ್ಡು ತಿನ್ನುತ್ತಿದ್ದ ನಾದಿನಿ ಕೇಳಿದಳು. “ಯಾರೂ ಕಾಪಿ ಹೊಡೀತಿಲ್ಲ. ಬನ್ನಿ, ಕೂತ್ಕೊಳ್ಳಿ.”

“ಇಲ್ಲಿಂದ ಚೆನ್ನಾಗಿ ಕಾಣತ್ತೆ.”

“ಕಾಣೋದಕ್ಕೇನಿದೆ, ನನ್ ಗಂಡನ ಬಿರುಕು ತಾನೆ. ಮನೇಲಿ ದಿನಾ ಅದೇ. ಗೋಡೆ ಮೇಲೂ ಅದೇ, ಕನಸಲ್ಲೂ ಅದೇ. ಮೊನ್ನೆ ಹಾಲು ಒಡೆದಿತ್ತು, ಅದರ ಫೋಟೋ ತೆಗೆದ್ಕೊಂಡ್ರು, ಪಾತ್ರೆ ಮಾತ್ರ ತೊಳೀಲಿಲ್ಲ.”

ವೇದಿಕೆಯ ಮೇಲೆ ಏಳನೆಯ ನಿಮಿಷದ ಭಾಗದ ತಾಲೀಮು ನಡೆಯುತ್ತಿತ್ತು. ಬೂದುನೀಲಿ ಪರದೆ ಮೊದಲು ನಿಶ್ಚಲವಾಗಿತ್ತು. ಅವಳು ಕಮಾನನ್ನು ತಂತಿಯ ಮೇಲೆ ಒತ್ತಿ ಬಹಳ ನಿಧಾನ ಎಳೆದಳು. ಹಳೆಯ ಪಿಂಗಾಣಿ ಬಟ್ಟಲಿನ ಮೈಮೇಲೆ ಕಾಣುವಂಥ ಸಣ್ಣ ಬಿರುಕುಗಳು ಒಂದು ಮೂಲೆಯಲ್ಲಿ ಎದ್ದವು, ಇನ್ನೊಂದನ್ನು ಕೂಡಿದವು, ಕೂಡದೆ ಪಕ್ಕಕ್ಕೆ ಸರಿದವು. ನಾದ ಬಿಗಿಯಾದಂತೆ ಅವುಗಳೊಳಗೆ ಬೆಳಕು ಹರಿಯಿತು, ಪರದೆಯ ಹಿಂದೆ ಯಾರೋ ದೀಪ ಹಿಡಿದು ನಡೆಯುತ್ತಿರುವ ಹಾಗೆ. ಇದನ್ನು ಕಂಡ ಮೊದಲ ದಿನದಿಂದ ಅವನು ಮನೆಯಲ್ಲಿ, ಅವಳು ಪಾಠಕ್ಕೆ ಹೋದ ಹೊತ್ತಿನಲ್ಲಿ, ಇಂಥದೇ ಒಂದನ್ನು ಮಾಡಲು ಹೆಣಗಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದ. ಅವನು ಮಾಡಿದ್ದು ಗೆರೆ ಎಳೆದಂತೆ ಕಾಣುತ್ತಿತ್ತೇ ಹೊರತು ಒಡೆದಂತೆ ಕಾಣುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಸಹಿಸಲಾಗದ್ದು ಇನ್ನೊಂದಿತ್ತು: ನುಡಿಸುವಾಗ ಅವಳು ಗಲ್ಲವನ್ನು ಪಿಟೀಲಿನ ಮೇಲಿಟ್ಟುಕೊಂಡೇ ಪರದೆಯ ಕಡೆ ತಿರುಗಿ ನೋಡುತ್ತಿದ್ದಳು. ಹುಬ್ಬು ತುಸು ಮೇಲೇರಿ, ಮುಂದೇನು ಎಂದು ಗೊತ್ತಿಲ್ಲದವಳ ಹಾಗೆ. ಆ ಮುಖವನ್ನು ಅವನು ಮದುವೆಯ ಮೊದಲ ವರ್ಷದಲ್ಲಿ ಕಂಡಿದ್ದ, ಮತ್ತೆ ಎಲ್ಲಿ ಹೋಯಿತೆಂದು ಕೇಳಿಕೊಂಡಿರಲಿಲ್ಲ.

ಚಿತ್ರ ತಟಕ್ಕನೆ ಎಡವಿತು. ಒಮ್ಮೆ ನಿಂತಿತು, ಜಿಗಿಯಿತು, ಮತ್ತೆ ನಿಂತಿತು.

“ಅತ್ತಿಗೆ, ಒಂದ್ನಿಮಿಷ,” ಎಂದು ಷಡ್ಡಕ ಕೈಯೆತ್ತಿದ. ಮೇಲೆ ದೀಪ ಕಟ್ಟಲು ಹಾಕಿದ್ದ ಸೇತುವೆಯಿಂದ ದೀಪದವರು ಬಗ್ಗಿ, “ಏನ್ ಸಾರ್, ಬಿಕ್ಕಳಿಕೆನಾ? ನೀರು ಕುಡಿಸಿ,” ಎಂದರು. ಹೆಂಡತಿ ನಕ್ಕಳು. ಷಡ್ಡಕನೂ ನಕ್ಕ. ತನ್ನ ಚಿತ್ರ ಎಂದಾದರೂ ಹೀಗೆ ಎಡವಿದ್ದರೆ ತಾನು ನಗುತ್ತಿರಲಿಲ್ಲ, ಆದ್ದರಿಂದ ಅವಳೂ ನಗುತ್ತಿರಲಿಲ್ಲ ಎಂದು ಗೋಡೆಗೆ ಒರಗಿದ್ದವನಿಗೆ ಹೊಳೆಯಿತು. ಕಿವಿಯ ಹಿಂದೆ ಬೆಚ್ಚಗಾಯಿತು. ಎಡವಿದ್ದರಿಂದ ತನಗೆ ಖುಷಿಯೇ ಆಗಿದೆ ಎಂಬುದನ್ನು ಅವನು ಒಂದು ಅಳತೆಯನ್ನು ಓದಿಕೊಳ್ಳುವಂತೆ ಓದಿಕೊಂಡ.

ಷಡ್ಡಕ ವೇದಿಕೆಯಿಳಿದು ನೇರ ಅವನ ಬಳಿಗೇ ಬಂದ. ಹಿಂದೊಮ್ಮೆ ಅವನ ತರಗತಿಯ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದವನು, ಆಗೆಲ್ಲ ‘ಸರ್’. ನಾದಿನಿಯನ್ನು ಮದುವೆಯಾದ ದಿನದಿಂದ ‘ಅಣ್ಣ’. ಬಡ್ತಿಯೋ ಇಳಿತವೋ ಎಂದು ಅವನಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

“ಅಣ್ಣ, ಈ ಪರದೆ ನಮ್ಮನೇದಕ್ಕಿಂತ ನಾಲ್ಕು ಪಟ್ಟು ದೊಡ್ಡದು, ಮಷೀನು ತಡ್ಕೊಳ್ತಿಲ್ಲ. ನನ್ ಕಣ್ಣಿಗಂತೂ ಬೀಳ್ತಿಲ್ಲ. ಒಂದ್ಸಲ ನೀವು ನೋಡ್ತೀರಾ? ನಾನು ಅಷ್ಟರಲ್ಲಿ ದೀಪದವರ ಜೊತೆ ಕೂತು ಅವರದ್ದು ಮುಗಿಸ್ತೀನಿ.”

“ನಿನ್ನ ಕೋಡ್‌ನ ನಾನು ಮುಟ್ಟೋದಾ?”

“ನೀವು ಮುಟ್ಟದೆ ಇನ್ಯಾರು ಮುಟ್ಟಬೇಕು?” ಅದರಲ್ಲಿ ವ್ಯಂಗ್ಯವಿದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಣ್ಣ ಹಚ್ಚುವ ಕೋಣೆಯಲ್ಲಿ ಕನ್ನಡಿಯ ಸುತ್ತ ಹತ್ತು ಬಲ್ಬು, ಅವುಗಳಲ್ಲಿ ಉರಿಯುತ್ತಿದ್ದದ್ದು ಆರು. ಷಡ್ಡಕನ ಸಣ್ಣ ಕಂಪ್ಯೂಟರನ್ನು ಕನ್ನಡಿಯ ಮುಂದಿಟ್ಟುಕೊಂಡು ಅವನು ಕೂತ. ಎಡವಲು ಕಾರಣ ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಷಡ್ಡಕ ಒಂದೇ ಲೆಕ್ಕವನ್ನು ಒಂದೊಂದು ಚುಕ್ಕೆಗೂ ಎಂಟೆಂಟು ಸಲ ಮಾಡಿಸುತ್ತಿದ್ದ. ಒಮ್ಮೆ ಮಾಡಿ ಇಟ್ಟುಕೊಂಡರೆ ಸಾಕಿತ್ತು. ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದ. ಎರಡನೆಯ ಸಾಲಿನವನು ಎರಡನೆಯ ಸಾಲಿನವನೇ ಎಂದು ಮನಸ್ಸು ಸಣ್ಣಗೆ ಕುಣಿಯಿತು. ಆಗ, ಆ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ಕೆಳಗಿಳಿದು ನೋಡಿದಾಗ, ಅವನಿಗೆ ‘ಲೋಟ’ ಕಂಡಿತು. ಅದರ ಕೆಳಗೆ ‘ತಟ್ಟೆ’. ಅದರ ಕೆಳಗೆ ‘ಸೌಟು’.

ತಾತ್ಕಾಲಿಕ ಸಂಖ್ಯೆಗಳಿಗೆ ಅಡುಗೆಮನೆಯ ಪಾತ್ರೆಗಳ ಹೆಸರಿಡುವುದು ಅವನ ಅಭ್ಯಾಸ. ಮೊದಲ ದಿನ ತರಗತಿ ನಗಲಿ ಎಂದು ಮಾಡಿದ್ದು, ಆಮೇಲೆ ಕೈಗೆ ಅಂಟಿಕೊಂಡಿತ್ತು. ಹನ್ನೊಂದು ವರ್ಷದ ಹಿಂದೆ ಅವನು ಬರೆದು ಪೆನ್‌ಡ್ರೈವಿಗೆ ಹಾಕಿ ಕಾಲೇಜಿನಲ್ಲಿ ಕೋಡ್ ಕಲಿಸುತ್ತಿದ್ದ ತರಗತಿಗೆ ಹಂಚಿದ ತುಣುಕು ಇದು. ಪರದೆಯನ್ನು ಕಾಣದ ಚೌಕಗಳಾಗಿ ಹಂಚಿಕೊಳ್ಳುವುದು. ಪ್ರತಿ ಮೂಲೆಗೂ ಚೀಟಿ ಎತ್ತಿದಂತೆ ಒಂದು ಸಂಖ್ಯೆ ಕೊಡುವುದು. ಒಂದು ಮೂಲೆಯಿಂದ ಇನ್ನೊಂದಕ್ಕೆ ನುಣ್ಣಗೆ ಜಾರುವುದು. ಜಾರುವಿಕೆಯ ಸೂತ್ರದಲ್ಲಿ ಮೂರು ಸಂಖ್ಯೆ: ಆರು, ಹದಿನೈದು, ಹತ್ತು. ಆರರಿಂದ ಹದಿನೈದು ಕಳೆದು ಹತ್ತು ಕೂಡಿಸಿದರೆ ಒಂದು. ಅಂದರೆ ಆ ತುದಿಗೆ ಹೋದಾಗ ಪೂರ್ತಿ ತಲುಪಿರುತ್ತೀರಿ, ಪಕ್ಕದ ಚೌಕ ಅಲ್ಲಿಂದಲೇ ಮುಂದುವರಿಯುತ್ತದೆ, ಹೊಲಿಗೆ ಕಾಣುವುದಿಲ್ಲ. ಇಲ್ಲಿ ಹತ್ತು ಇರಬೇಕಾದ ಕಡೆ 9.8 ಇತ್ತು.

ಎಲ್ಲರಿಗೂ ಆಗುವ ತಪ್ಪಲ್ಲ ಇದು. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಕಲ್ಲುಗಳನ್ನು ಕಟ್ಟಡದ ಮೇಲಿನಿಂದ ಬೀಳಿಸಿದವನ ಕೈಗೆ ಮಾತ್ರ ಆಗುವಂಥದ್ದು. ಗುರುತ್ವದ ವೇಗೋತ್ಕರ್ಷ ಎಷ್ಟು, 9.8. ಮನಸ್ಸು ಹತ್ತು ಎಂದರೂ ಸೀಮೆಸುಣ್ಣ 9.8 ಎನ್ನುತ್ತಿತ್ತು. ಎರಡು ವಾರದ ಮೇಲೆ, ಮನೆಯಲ್ಲಿ ಆಗಷ್ಟೇ ಪ್ರಯೋಗಿಸುತ್ತಿದ್ದ ತನ್ನ ಮಂಜಿನಲ್ಲಿ ಕೂದಲೆಳೆಯ ಹೊಲಿಗೆಗಳನ್ನು ಕಂಡು ಅವನಿಗೆ ಬೆವರು ಬಂದಿತ್ತು. ಮಾರನೆಯ ದಿನವೇ ತರಗತಿಯಲ್ಲಿ ನಿಂತು ತಿದ್ದಿಸಿದ್ದ. ಎರಡನೆಯ ಸಾಲಿನಲ್ಲಿ ಆ ದಿನ ಒಂದು ಜಾಗ ಖಾಲಿಯಿತ್ತು. ಷಡ್ಡಕ ಆಗ ಕಾಮಾಲೆಯೆಂದು ಮೂರು ವಾರ ಮಲಗಿದ್ದ.

ಅವನು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಕನ್ನಡಿ ನೋಡಿದ. ಆರು ಬಲ್ಬಿನ ಬೆಳಕಿನಲ್ಲಿ ಮುಖದ ಒಂದು ಬದಿ ಮಾತ್ರ ಸಂತೋಷಪಟ್ಟಂತೆ ಕಂಡಿತು. ನಾಲ್ಕು ತಿಂಗಳು ತಾನು ಉರಿದದ್ದು ತನ್ನದೇ ಕೈತಪ್ಪಿಗೆ. ಇದು ನನ್ನದು ಎಂದು ಎದ್ದು ಹೋಗಿ ಹೇಳಬಹುದು. ಏನೆಂದು ಹೇಳುವುದು? ತಪ್ಪು ನನ್ನದು, ಅದು ತಪ್ಪೆಂದು ತಿದ್ದಿ ಎಸೆದವನೂ ನಾನೇ, ಆದ್ದರಿಂದ ಚಪ್ಪಾಳೆ ಇತ್ತ ಕೊಡಿ ಎಂದೇ? ತಾನು ಹಂಚಿ ಮರೆತ ತುಣುಕನ್ನು ಇನ್ನೊಬ್ಬ ಇಷ್ಟು ವರ್ಷ ಜೋಪಾನ ಮಾಡಿ, ಅದರ ಬಿರುಕಿನಲ್ಲಿ ದೀಪ ಹಚ್ಚಿದ್ದ. ಅಷ್ಟು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಇಳಿಯಲಿಲ್ಲ. ಕಿವಿಯ ಹಿಂದಿನಿಂದ ಕತ್ತಿಗೆ ಬಂತು.

ಸುಮ್ಮನೆ ನೋಡೋಣ ಎಂದು 9.8 ಅಳಿಸಿ 10 ಎಂದು ಬರೆದ. ಉಳಿಸಿದರೆ, ಅಂದರೆ ಸೇವ್ ಒತ್ತಿದರೆ ಮಾತ್ರ ಚಿತ್ರ ಬದಲಾಗುವ ಏರ್ಪಾಡು ಅದು. ಉಳಿಸಿದ.

ಬಿರುಕುಗಳು ಮುಚ್ಚಿಕೊಂಡವು. ಬೂದುನೀಲಿ ಮಂಜು ಎಲ್ಲಿಯೂ ತಡೆಯಿಲ್ಲದೆ ಹರಡಿತು. ಒಂಬತ್ತು ವರ್ಷ ತಾನು ಮಾಡಿದ್ದನ್ನು ಅವನು ಮೊದಲ ಸಲ ಇನ್ನೊಬ್ಬರ ಕಂಪ್ಯೂಟರಿನಲ್ಲಿ, ಇನ್ನೊಬ್ಬರದೆಂಬ ಹಾಗೆ ನೋಡಿದ. ಚೆನ್ನಾಗಿತ್ತು. ದಂತವೈದ್ಯರ ಕೋಣೆಯ ಗೋಡೆಗೆ ಹಾಕಬಹುದಾಗಿತ್ತು.

ಬಾಗಿಲು ತೆರೆದು ಹೆಂಡತಿ ಒಳಗೆ ಬಂದಳು. ಕಮಾನಿಗೆ ರಾಳ ಉಜ್ಜಲು ಬಂದವಳು ಅವನ ಹೆಗಲ ಮೇಲಿಂದ ಪರದೆ ನೋಡಿದಳು. “ಓ, ನಿಮ್ದು ಹಾಕ್ಕೊಂಡಿದ್ದೀರಾ,” ಎಂದಳು.

ಕೋಡ್ ಓದಲು ಅವಳಿಗೆ ಬರುವುದಿಲ್ಲ. ಚಿತ್ರ ಒಂದೇ ಸಾಕಾಗಿತ್ತು.

“ಚೆನ್ನಾಗಿದೆ,” ಎಂದು ಸೇರಿಸಿದಳು. ನೆಂಟರ ಮನೆಯ ಹೊಸ ಪರದೆಬಟ್ಟೆಗೆ ಹೇಳುವ ಚೆನ್ನಾಗಿದೆ. ರಾಳದ ಬಿಲ್ಲೆಯ ಮೇಲೆ ಕಮಾನು ಹೋಗಿ ಬಂದು ಮಾಡಿತು, ಬಿಳಿ ಪುಡಿ ಅವಳ ಕಪ್ಪು ತೋಳಿನ ಮೇಲೆ ಉದುರಿತು. ಕದ್ದು ತಿನ್ನುವಾಗ ಸಿಕ್ಕಿಬಿದ್ದವನ ಹಾಗೆ ಅವನ ಬೆರಳು ತರಾತುರಿಯಲ್ಲಿ ಚಿತ್ರದ ಕಿಟಕಿ ಮುಚ್ಚಿ, 10 ಅಳಿಸಿ 9.8 ಒತ್ತಿತು.

“ಸಿಕ್ತಾ ಅಣ್ಣ?” ಷಡ್ಡಕ ಬಾಗಿಲಲ್ಲಿದ್ದ.

“ಹ್ಞೂಂ. ನೀನು ಒಂದೇ ಲೆಕ್ಕ ಎಂಟೆಂಟು ಸಲ ಮಾಡಿಸ್ತಿದ್ದೆ. ಒಂದ್ಸಲಕ್ಕೆ ತಂದಿದ್ದೀನಿ. ಇನ್ನು ಎಡವಲ್ಲ.”

“ಅಯ್ಯೋ, ನನ್ ತಲೆಗಿಷ್ಟು.” ಷಡ್ಡಕ ಬಗ್ಗಿ, ಪೆನ್‌ಡ್ರೈವ್ ಸಿಕ್ಕಿಸಿ, ಉಳಿಸಿದ್ದ ಕಡತವನ್ನು ಅದಕ್ಕೆ ಎಳೆದುಕೊಂಡ. ವೇದಿಕೆಯ ದೊಡ್ಡ ಕಂಪ್ಯೂಟರಿಗೆ ಹೋಗಬೇಕಾದದ್ದು ಅದೇ. ಪರದೆಯಲ್ಲಿ 9.8 ಇತ್ತು; ಅದರ ಮೇಲೆ, ಕಡತದ ಹೆಸರಿನ ಪಕ್ಕ, ಸಾಸಿವೆಯಷ್ಟು ಒಂದು ಬಿಳಿ ಚುಕ್ಕೆಯಿತ್ತು. ಬರೆದದ್ದನ್ನು ಇನ್ನೂ ಉಳಿಸಿಲ್ಲ ಎಂದು ಆ ಚುಕ್ಕೆಯ ಅರ್ಥ. ಪೆನ್‌ಡ್ರೈವಿಗೆ ಹೋದದ್ದು 10. ಅವನು ಚುಕ್ಕೆಯನ್ನು ನೋಡಿದ. ನೋಡುತ್ತಿದ್ದೇನೆ ಎಂಬುದನ್ನೂ ನೋಡಿದ.

“ಒಂದ್ಸಲ ಓಡಿಸಿ ನೋಡು, ಬೇಕಾದ್ರೆ,” ಎಂದ. ಅಷ್ಟು ಹೇಳಿದೆನಲ್ಲ ಎಂದು ಆಮೇಲೆ ಹೇಳಿಕೊಳ್ಳಲು.

“ನೀವು ನೋಡಿದ್ಮೇಲೆ ನಾನೇನ್ ನೋಡೋದು? ಐದೂವರೆಗೆ ಬಾಗಿಲು ತೆಗೀತಾರೆ.” ಷಡ್ಡಕ ಮುಚ್ಚಳ ಮುಚ್ಚಿ, ಹೊರಡುತ್ತ ಅವನ ಭುಜವನ್ನು ಒಂದು ಸಲ ಒತ್ತಿದ. ಚುಕ್ಕೆ ಮುಚ್ಚಳದೊಳಗೆ ಹೋಯಿತು.

ಆರು ಗಂಟೆಗೆ ಎಲ್ಲ ಕುರ್ಚಿಗಳೂ ತುಂಬಿದ್ದವು. ಅವನಿಗೆ ನಾದಿನಿಯ ಪಕ್ಕದ ಜಾಗ. ಇಂಥ ಪ್ರದರ್ಶನದಲ್ಲಿ ಮುಚ್ಚುಮರೆ ಇಲ್ಲ. ಚಿತ್ರದ ಮೇಲೆಯೇ ಕೋಡಿನ ಸಾಲುಗಳೂ ಕಾಣುತ್ತಿರುತ್ತವೆ, ನುಡಿಸುವವಳ ಬೆರಳು ಕಾಣುವ ಹಾಗೆ ಬರೆಯುವವನ ಬೆರಳಾಟವೂ ಕಾಣಲಿ ಎಂದು. ಪರದೆಯ ಎಡಮೂಲೆಯಲ್ಲಿ, ಒಂದೊಂದು ಅಕ್ಷರ ಗೇಣುದ್ದ, ಲೋಟ, ತಟ್ಟೆ, ಸೌಟು ಬಂದವು. ಜನ ನಕ್ಕರು. “ನೋಡಿ ಭಾವ, ಅಡುಗೆಮನೆ ಕಡೆ ತಲೆ ಹಾಕದೋರು,” ಎಂದು ನಾದಿನಿ ಪಿಸುಗುಟ್ಟಿದಳು. ಸೌಟಿನ ಸಾಲಿನ ಕೊನೆಗೆ 10 ಇತ್ತು. ಷಡ್ಡಕ ಆ ಕಡೆ ನೋಡಲಿಲ್ಲ, ಮೊದಲ ನಿಮಿಷಗಳಿಗೆ ಅದರ ಕೆಲಸವಿರಲಿಲ್ಲ.

ಮೂರನೆಯ ನಿಮಿಷ. ಎದ್ದು ಹೋಗಿ ಹೇಳಬಹುದು. ಕತ್ತಲಲ್ಲಿ ಹನ್ನೆರಡು ಜೊತೆ ಮೊಣಕಾಲು ದಾಟಿ ಹೋಗಿ ಏನೆನ್ನುವುದು? ನಾಲ್ಕನೆಯ ನಿಮಿಷ. ಅದು ಮಂಜಾಗಿಯೇ ಬರಲಿ, ಅವಳು ತಿರುಗಿ ನೋಡದೆ ನುಡಿಸಲಿ ಎಂದು ಬಯಸುತ್ತಿರುವುದು ತಾನೇ ಎಂದು ಅವನಿಗೆ ಗೊತ್ತಾಯಿತು. ಬಿರುಕೇ ಬರಲಿ, ಹೇಗಾದರೂ ಬರಲಿ ಎಂದು ಅಂಗೈ ಒರೆಸಿಕೊಳ್ಳುತ್ತಿರುವವನೂ ತಾನೇ. ಐದು. ಆರು. ನಾದಿನಿ ಬಾಯಿಗೆ ಹಾಕಿಕೊಂಡಿದ್ದ ಪೆಪ್ಪರಮೆಂಟು ಹಲ್ಲಿಗೆ ತಾಗುವ ಸದ್ದೂ ಕೇಳುತ್ತಿತ್ತು.

ಏಳನೆಯ ನಿಮಿಷಕ್ಕೆ ಮಂಜು ಬಂತು.

ಎಲ್ಲಿಯೂ ಎಡವಲಿಲ್ಲ. ಅವಳು ಕಮಾನನ್ನು ಒತ್ತಿ ನಿಧಾನ ಎಳೆದಳು. ಮಂಜು ನಿಧಾನ ಸರಿಯಿತು. ಅವಳು ಪರದೆಯ ಕಡೆ ತಿರುಗಲಿಲ್ಲ. ಒಂದು ನಿಮಿಷ ಹಾಗೆ ಹೋಯಿತು. ಪಕ್ಕದ ಸಾಲಿನಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಷಡ್ಡಕ ಕೈಗಳನ್ನು ಮಡಿಲಲ್ಲಿಟ್ಟು ಮಂಜನ್ನು ನೋಡುತ್ತಿದ್ದ. ಗಾಬರಿಯಾದಂತೆ ಕಾಣಲಿಲ್ಲ. ಆಮೇಲೆ ಅವನ ಕೈ ಎದ್ದಿತು. ಪರದೆಯ ಮೇಲೆ ಗೇಣುದ್ದದ ಕರ್ಸರ್ ಕಡ್ಡಿಯೊಂದು ಸಾಲುಗಳನ್ನು ಇಳಿಯಿತು: ಲೋಟ ದಾಟಿತು, ತಟ್ಟೆ ದಾಟಿತು, ಸೌಟಿನ ಕೊನೆಗೆ ಹೋಗಿ ನಿಂತಿತು. ಹುಡುಕಲಿಲ್ಲ, ತಡವರಿಸಲಿಲ್ಲ. ಇನ್ನೂರು ಜನರ ಎದುರು ಸೊನ್ನೆ ಅಳಿಯಿತು, ಒಂದು ಅಳಿಯಿತು. ಒಂಬತ್ತು ಬಂತು. ಚುಕ್ಕೆ ಬಂತು. ಎಂಟು ಬಂತು. ಉಳಿಸಿದ.

ಪರದೆ ಒಡೆಯಿತು. ಅವಳ ಗಲ್ಲ ತಿರುಗಿತು, ಹುಬ್ಬು ಏರಿತು. ಸಭೆಯಲ್ಲಿ ಒಂದೇ ಉಸಿರು ಒಳಗೆಳೆದ ಸದ್ದಾಯಿತು. “ಭಾವ,” ಎಂದು ನಾದಿನಿ ಅವನ ತೋಳು ಹಿಡಿದಳು. ಅವನು ಮಾತ್ರ ಆ ಸಂಖ್ಯೆಯನ್ನೇ ನೋಡುತ್ತ ಕೂತಿದ್ದ. ಬೆಳಕು ಅದರ ಹಿಂದೆ ಹೋಗಿ ಬಂದು ಮಾಡುತ್ತಿತ್ತು.

ಮುಗಿದ ಮೇಲೆ ಷಡ್ಡಕ ಜನರನ್ನು ಸರಿಸಿಕೊಂಡು ಬಂದು ಅವನ ಎರಡೂ ಕೈ ಹಿಡಿದುಕೊಂಡ. “ಅಣ್ಣ, ಹತ್ತು ಹಾಕಿಟ್ಟಿದ್ದು ನೀವೇ ಅಲ್ವಾ? ಮೊದ್ಲು ಎದೆ ಧಸಕ್ ಅಂತು. ಆಮೇಲೆ ಅರ್ಥ ಆಯ್ತು. ಮೊದ್ಲೇ ಬಿರುಕಿದ್ರೆ ಏನ್ ಬಂತು, ಜನರ ಎದುರು ಒಡೀಬೇಕು. ನಂಗೆ ಯಾವತ್ತೂ ಹೊಳೆದಿರ್ಲಿಲ್ಲ.”

“ನಿಂಗೆ ಹತ್ತು ಅಂತ ಗೊತ್ತಿತ್ತಾ?”

“ಕಾಮಾಲೆ ವಾಸಿಯಾಗಿ ಬಂದ ದಿನವೇ ಪಕ್ಕದವರ ನೋಟ್ಸಲ್ಲಿ ನೋಡಿದೆ. ತಿದ್ದಿ ನೋಡಿದೆ ಕೂಡ. ನಿಮ್ ತಪ್ಪೇ ಚೆನ್ನಾಗಿತ್ತು.” ಸ್ವಲ್ಪ ನಾಚಿದ. “ಹೇಳಿದ್ರೆ ಬೇಜಾರಾಗ್ತೀರೇನೋ ಅಂತ ಸುಮ್ನಿದ್ದೆ. ಹಾಳೇಲಿ ನಿಮ್ಮ ಹೆಸ್ರು ಹಾಕ್ಸಿದ್ದು ಅದಕ್ಕೇ. ಏನಂತ ಹಾಕೋದು ಗೊತ್ತಾಗ್ಲಿಲ್ಲ, ನೆರವು ಅಂದೆ.”

ಅವನಿಗೆ ತನ್ನ ಕೈಗಳನ್ನು ಬಿಡಿಸಿಕೊಳ್ಳಬೇಕೆನಿಸಿತು. ಬಿಡಿಸಿಕೊಳ್ಳುವ ಮೊದಲೇ ಬೇರೆ ಯಾರೋ ಷಡ್ಡಕನನ್ನು ಎಳೆದುಕೊಂಡು ಹೋದರು.

ಕೋಣೆಯಲ್ಲಿ ಹೆಂಡತಿ ಕಮಾನಿನ ತಿರುಪನ್ನು ಸಡಿಲಿಸುತ್ತಿದ್ದಳು. ಅವನು ಬಂದದ್ದು ಕನ್ನಡಿಯಲ್ಲಿ ಕಂಡಿತು. “ಬೇಕಂತಲೇ ಮಾಡಿದ್ರಾ?” ಎಂದು ಕೇಳಿದಳು. ಮಧ್ಯಾಹ್ನ ಅವಳು ಆ ಪರದೆಯ ಮೇಲೆ ಅವನ ಮಂಜನ್ನು ನೋಡಿದ್ದಳು. ಷಡ್ಡಕನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಹೌದು ಎಂದರೆ ಹೊರಗಿದ್ದ ಷಡ್ಡಕನಿಗೆ ಅದೊಂದು ಉಡುಗೊರೆ, ಇಲ್ಲಿ ಅದು ಉಡುಗೊರೆಯಲ್ಲ.

“ಹೌದು,” ಎಂದ.

ಅವಳು ಪಿಟೀಲನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸಿದಳು. “ನಿಮ್ದು ಬಂತು ಅಂತ ನಂಗೆ ಬೆನ್ನಿಗೇ ಗೊತ್ತಾಯ್ತು,” ಎಂದಳು ಕೊನೆಗೆ. “ಒಂಬತ್ತು ವರ್ಷ ನಾನು ತಿರುಗಿ ನೋಡಿದ್ದಿಲ್ಲ, ಗೊತ್ತಾ? ನೋಡೋ ಅಗತ್ಯ ಇರ್ಲಿಲ್ಲ. ನಾನು ಎಲ್ಲಿ ಹೋದ್ರೂ ಅದು ಹಿಂದೆ ಇರ್ತಿತ್ತು.”

“ಈಗ?”

“ಈಗ ನೋಡ್ಕೊಂಡು ನುಡಿಸ್ಬೇಕು.” ಭುಜನೋವಿನ ಬಗ್ಗೆ ಹೇಳುವಾಗಿನ ದನಿ ಅದು. ದೂರೋ, ಸುಖವೋ ಅವನಿಗೆ ತಿಳಿಯಲಿಲ್ಲ. ಪೆಟ್ಟಿಗೆಗೆ ಕೈ ಚಾಚಿದ. ಅವಳು ಆಗಲೇ ಅದನ್ನು ಹೆಗಲಿಗೇರಿಸಿಕೊಂಡಿದ್ದಳು.

ಹೊರಗೆ ಬೀದಿದೀಪಗಳು ಹತ್ತಿಕೊಂಡಿದ್ದವು. ಬಸ್ ನಿಲ್ದಾಣದ ಕಡೆ ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಯಾವಾಗಲೂ ಹಾಗೇ. ಅವಳು ಮಾತಾಡತೊಡಗಿದಳು: ಎರಡನೆಯ ಭಾಗದಲ್ಲಿ ಒಂದು ತಂತಿ ಇಳಿದಿತ್ತು, ದೀಪದವರು ಸರಿಯಾದ ಹೊತ್ತಿಗೆ ಕತ್ತಲು ಮಾಡಿದರು, ನಾಳೆ ಬೆಳಿಗ್ಗೆ ಪಾಠವಿದೆ. ಕೈಯಲ್ಲಿ ಏನೂ ಇಲ್ಲದ್ದರಿಂದ ಅವನಿಗೆ ತೋಳುಗಳನ್ನು ಹೇಗಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ದೀಪದ ಕೆಳಗೆ ಅವನು ನಿಂತುಬಿಟ್ಟ. ಯಾಕೆಂದು ಯೋಚಿಸಿರಲಿಲ್ಲ. ಅವಳು ಮುಂದೆ ಹೋದಳು, ಮಾತಾಡುತ್ತಲೇ. ನಾಲ್ಕು ಹೆಜ್ಜೆ. ಎಂಟು. ಪೆಟ್ಟಿಗೆ ಅವಳ ಬೆನ್ನಿನ ಮೇಲೆ ಸಣ್ಣದಾಗುತ್ತ ಹೋಯಿತು. ಕೂಗಬಾರದು ಎಂದು ಅವನು ಹಲ್ಲು ಕಚ್ಚಿ ನಿಂತ. ಹನ್ನೆರಡು, ಹದಿಮೂರು. ದೂರದಲ್ಲಿ ಅವಳ ಮಾತು ಒಂದು ವಾಕ್ಯದ ನಡುವೆ ತುಂಡಾಯಿತು.

ಅವಳು ನಿಂತಳು. ಪೆಟ್ಟಿಗೆಯ ಪಟ್ಟಿಯ ಮೇಲೆ ಗಲ್ಲವಿಟ್ಟು, ಹುಬ್ಬು ತುಸು ಮೇಲೇರಿಸಿ, ಮುಂದೇನು ಎಂದು ಗೊತ್ತಿಲ್ಲದವಳ ಹಾಗೆ, ಅವಳು ತಿರುಗಿ ಅವನನ್ನು ಹುಡುಕಿದಳು.